ಹಿಂಬಾಗಿಲಿನ ಆಚೆಗೂ ಚಾಚಿದ ಅಡುಗೆಮನೆ

ಬೆಂಗಳೂರು ದಂಡಿನ ಬ್ರಿಗೇಡ್ ರಸ್ತೆಯಲ್ಲಿ 1995ರ ಜೂನ್ ತಿಂಗಳಿನಲ್ಲಿ ಅಮೆರಿಕದ ಕೆಂಟಕಿ ಫ್ರೈಡ್ ಚಿಕನ್ ಕಂಪನಿಯು ಭಾರತದ ತನ್ನ ಮೊದಲ ಮಳಿಗೆಯನ್ನು ತೆರೆಯಿತು. ಆ ಮಳಿಗೆಯ ಅಡುಗೆಮನೆಗೆ ಏನು ಬರುತ್ತದೆ, ಎಲ್ಲಿಂದ ಬರುತ್ತದೆ ಎಂದು ಗಟ್ಟಿದನಿಯಲ್ಲಿ ಕೇಳಿದವರು ಹಳ್ಳಿಗಳಿಂದ ಬಂದ ರೈತರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು, ಮನುಷ್ಯರ ತಟ್ಟೆಗೆ ಹೋಗಬೇಕಾದ ಧಾನ್ಯ ಕೋಳಿಯ ಮೇವಾಗುವುದನ್ನೂ ದೇಶದ ಬೇಸಾಯ ವಿದೇಶಿ ಕಂಪನಿಗಳ ಅಗತ್ಯಕ್ಕೆ ತಕ್ಕಂತೆ ಬದಲಾಗುವುದನ್ನೂ ವಿರೋಧಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ನಗರಪಾಲಿಕೆಯ ಆರೋಗ್ಯ ವಿಭಾಗವು ಅಲ್ಲಿನ ಕರಿದ ಕೋಳಿಯ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿತು. ಜನ ಅಜಿನೊಮೊಟೊ ಎಂದು ಕರೆಯುವ ಮಾನೋಸೋಡಿಯಂ ಗ್ಲುಟಮೇಟ್ ಶೇ. 1ರ ಮಿತಿಯನ್ನು ಮೀರಿ ಶೇ. 2.8ರಷ್ಟಿದೆ ಎಂಬ ಕಾರಣಕ್ಕೆ ಪರವಾನಗಿ ರದ್ದಾಯಿತು. ಕಂಪನಿಯು ಉಚ್ಚ ನ್ಯಾಯಾಲಯದ ಮೊರೆಹೋಗಿ ತಡೆಯಾಜ್ಞೆ ಪಡೆದು ಬಾಗಿಲನ್ನು ಮತ್ತೆ ತೆರೆಯಿತು. 1996ರ ಜನವರಿ 30ರಂದು ರೈತ ಸಂಘದ ಕಾರ್ಯಕರ್ತರು ಮಳಿಗೆಗೆ ನುಗ್ಗಿ ಗಾಜು, ಪೀಠೋಪಕರಣಗಳನ್ನು ಒಡೆದರು.

ಆ ದಿನದಿಂದ ಗಾಜು ಒಡೆದದ್ದೇ ಸುದ್ದಿಯಾಯಿತು. ರೈತರು ಕೇಳಿದ್ದ ಪ್ರಶ್ನೆ ಗಾಜಿನ ಚೂರುಗಳ ಅಡಿಯಲ್ಲಿ ಹೂತುಹೋಯಿತು. ಪಾಲಿಕೆಯು ಕೇಳಿದ ಪ್ರಶ್ನೆಯಂತೂ ಇದ್ದುದರಲ್ಲೇ ಚಿಕ್ಕದು. ರುಚಿಯ ಆ ಪುಡಿ ಸಾಮಾನ್ಯ ಪ್ರಮಾಣದಲ್ಲಿ ಅಪಾಯಕಾರಿಯಲ್ಲವೆಂದು ಇಂದಿನ ಆಹಾರ ವಿಜ್ಞಾನ ಹೇಳುತ್ತದೆ. ಊರೂರಿನ ಗೋಬಿ ಗಾಡಿಗಳಲ್ಲಿಯೂ ಅದು ಬೀಳುತ್ತಿದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ದೊಡ್ಡ ಪ್ರಶ್ನೆಯನ್ನು ಕಾನೂನಾಗಲೀ ಕಲ್ಲಾಗಲೀ ಕೇಳಲಿಲ್ಲ.

ಮೂರು ದಶಕಗಳ ಬಳಿಕ ಪರಿಸ್ಥಿತಿ ತಿರುವುಮುರುವಾಗಿದೆ. ದಂಡು ಪ್ರದೇಶದಿಂದ ಹಲಸೂರು, ಇಂದಿರಾನಗರಗಳನ್ನು ದಾಟಿ ಕೆ.ಆರ್. ಪುರದ ಹೊರವರ್ತುಲ ರಸ್ತೆಯವರೆಗೆ ಸರಣಿ ಮಳಿಗೆಗಳು ಸಾಲುಗಟ್ಟಿವೆ. ಅಂದು ತನಿಖಾಧಿಕಾರಿಗೆ ಅಂಜುತ್ತಿದ್ದ ಉದ್ಯಮ ಇಂದು ತಾನಾಗಿಯೇ ಗಿರಾಕಿಗಳನ್ನೂ ವಿದ್ಯಾರ್ಥಿಗಳನ್ನೂ ಒಳಗೆ ಕರೆದು ಅಡುಗೆಮನೆಯನ್ನು ತೋರಿಸುವ ಕಾರ್ಯಕ್ರಮಗಳನ್ನು ನಡೆಸುತ್ತಿದೆ. ಇದು ಸ್ವಾಗತಾರ್ಹ. ಆದರೆ ಅಲ್ಲಿ ಏನನ್ನು ನೋಡಬೇಕೆಂಬ ತಿಳಿವಳಿಕೆ ನೋಡಲು ಹೋಗುವವರಲ್ಲಿ ಇರಬೇಕಾಗುತ್ತದೆ.

ಇಂತಹ ಅಡುಗೆಮನೆಗೆ ಹೋಗುವವರು ಮೊದಲು ಕೈ ತೊಳೆದು ತಲೆಗೆ ಟೋಪಿ ಧರಿಸಬೇಕು. ಒಳಗೆ ಎಲ್ಲವೂ ಉಕ್ಕು, ಎಲ್ಲವೂ ಹೊಳಪು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಪೆಟ್ಟಿಗೆಗಳು ಒಟ್ಟಿರುತ್ತವೆ. ಪ್ರತಿ ಪೊಟ್ಟಣದ ಮೇಲೂ ಬಂದ ದಿನ ಮತ್ತು ಬಿಸಾಡಬೇಕಾದ ಹೊತ್ತು ಬರೆದಿರುತ್ತದೆ. ಮೊದಲು ಬಂದದ್ದು ಮೊದಲು ಖರ್ಚಾಗಬೇಕು. ಮಾಂಸಕ್ಕೊಂದು, ತರಕಾರಿಗೊಂದು ಬಣ್ಣದ ಹಲಗೆ. ಕರಿಯುವ ಯಂತ್ರಕ್ಕೆ ಗಂಟೆ ಕಟ್ಟಿದೆ. ಆಲೂಗಡ್ಡೆಯ ಕಡ್ಡಿಗಳನ್ನು ಎಣ್ಣೆಗೆ ಇಳಿಸಿದರೆ ಕೆಲವೇ ನಿಮಿಷಗಳಲ್ಲಿ ಯಂತ್ರ ಕೂಗುತ್ತದೆ. ಹುಡುಗ ಜಾಲರಿಯನ್ನು ಎತ್ತುತ್ತಾನೆ. ಬೆಂದಿದೆಯೇ ಎಂದು ಅವನು ನೋಡಬೇಕಾಗಿಲ್ಲ, ಮೂಸಬೇಕಾಗಿಲ್ಲ. ಎದುರಿನ ಪರದೆಯ ಮೇಲೆ ಮುಂದಿನ ಗಿರಾಕಿಯ ಬೇಡಿಕೆ ಮೂಡಿರುತ್ತದೆ. ನಿಗದಿತ ಹೊತ್ತಿನೊಳಗೆ ಮಾರಾಟವಾಗದೆ ಉಳಿದದ್ದು ಕಸದ ಚೀಲಕ್ಕೆ ಬೀಳುತ್ತದೆ.

ಈ ಏರ್ಪಾಟಿನ ಬೇರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿನ ಸ್ಯಾನ್ ಬರ್ನಾರ್ಡಿನೊ ಪಟ್ಟಣದಲ್ಲಿ 1948ರಲ್ಲಿ ಮ್ಯಾಕ್‌ಡೊನಾಲ್ಡ್ ಸಹೋದರರು ತಮ್ಮ ಹೋಟೆಲನ್ನು ಕೆಲವು ತಿಂಗಳು ಮುಚ್ಚಿ, ಅಡುಗೆಮನೆಯನ್ನು ಮೋಟಾರು ಕಾರ್ಖಾನೆಯ ಜೋಡಣಾ ಸಾಲಿನಂತೆ ಮರುರಚಿಸಿದರು. ಒಬ್ಬನಿಗೆ ಒಂದೇ ಕೆಲಸ. ಅದನ್ನು ಕಲಿಯಲು ಕೆಲವು ದಿನಗಳು ಸಾಕು. ನುರಿತ ಬಾಣಸಿಗ ಅಲ್ಲಿಗೆ ಅನಗತ್ಯನಾದನು. ಬ್ರಿಗೇಡ್ ರಸ್ತೆಗೆ ಬಂದ ಕಂಪನಿಯ 11 ಮಸಾಲೆಗಳ ಮಿಶ್ರಣವಂತೂ ವ್ಯಾಪಾರದ ಗುಟ್ಟು. ಅದು ಮೊದಲೇ ಬೆರೆಸಿದ ಚೀಲಗಳಲ್ಲಿ ಬರುತ್ತದೆ. ಕೋಳಿಗೆ ಹಿಟ್ಟು ಹಚ್ಚುವವನಿಗೇ ಆ ಹಿಟ್ಟಿನಲ್ಲಿ ಏನಿದೆ ಎಂಬುದು ತಿಳಿಯದು. ಒಗ್ಗರಣೆಯ ಸದ್ದಿಲ್ಲದ, ಈರುಳ್ಳಿ ಹೆಚ್ಚಿ ಕಣ್ಣೊರೆಸಿಕೊಳ್ಳುವವರಿಲ್ಲದ ಈ ಜಾಗದಲ್ಲಿ ಅಡುಗೆಯ ಬಹುಪಾಲು ಬೇರೆಲ್ಲೋ ಮುಗಿದಿರುತ್ತದೆ. ನೋಡಲು ಬಂದವರಿಗೆ ಕಾಣುವುದು ಅದರ ಕೊನೆಯ ಹತ್ತು ನಿಮಿಷ.

ಹಾಗೆಂದು ಆ ಹತ್ತು ನಿಮಿಷಗಳ ಶುಚಿತ್ವವನ್ನು ಹಗುರಾಗಿ ಕಾಣಲಾಗದು. ಸ್ಥಳೀಯವಾದದ್ದೆಲ್ಲ ಶುದ್ಧ, ಹೊರಗಿನದೆಲ್ಲ ಕಲುಷಿತ ಎಂಬ ಸುಲಭದ ನಂಬಿಕೆಗೆ ಇತ್ತೀಚಿನ ವರ್ಷಗಳ ತಪಾಸಣೆಗಳು ಅವಕಾಶ ಕೊಡುವುದಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸಿದ ಪ್ರಕಾರ, ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಕೆಂಪು, ಹಳದಿಯ ಕೃತಕ ಬಣ್ಣಗಳು ಅದಕ್ಕೆ ಕಾರಣ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಸರ್ಕಾರ ಆಗ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಅದೇ ನಿಷೇಧ ಬಂತು. 2025ರ ಫೆಬ್ರುವರಿಯಲ್ಲಿ ಇಡ್ಲಿಯ ಸರದಿ. ತಪಾಸಣೆ ನಡೆಸಿದ 251 ಕಡೆಗಳ ಪೈಕಿ 52ರಲ್ಲಿ ಇಡ್ಲಿ ತಟ್ಟೆಗೆ ಹತ್ತಿಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಬಟ್ಟೆಯನ್ನು ದಿನವೂ ಒಗೆದು ಒಣಗಿಸುವ ಶ್ರಮ ಉಳಿಸಲು ಕಂಡುಕೊಂಡ ಈ ಹಾದಿ, ಬಿಸಿ ಆವಿಯಲ್ಲಿ ಪ್ಲಾಸ್ಟಿಕ್ಕಿನ ರಾಸಾಯನಿಕಗಳನ್ನು ಇಡ್ಲಿಯೊಳಕ್ಕೆ ಇಳಿಸುತ್ತದೆ. ಮಕ್ಕಳಿಗೂ ರೋಗಿಗಳಿಗೂ ನಿಶ್ಚಿಂತೆಯಿಂದ ಕೊಡುತ್ತಿದ್ದ ತಿಂಡಿಯ ಗತಿ ಇದು.

ಆದರೂ ಕನ್ನಡ ನಾಡಿನ ಹೋಟೆಲು ಪರಂಪರೆಯಲ್ಲಿ ಅಡುಗೆಮನೆಯನ್ನು ತೆರೆದಿಡುವ ಒಂದು ಒಳ್ಳೆಯ ರೂಢಿಯೂ ಇತ್ತು. ಕರಾವಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ ಆಗಿ ಲಾಲ್‌ಬಾಗ್ ರಸ್ತೆಯಲ್ಲಿ ನೆಲೆನಿಂತಾಗ, ಗಿರಾಕಿಗಳು ಅಡುಗೆಮನೆಯನ್ನು ಹಾದು ಊಟದ ಕೋಣೆಗೆ ಹೋಗುವ ವ್ಯವಸ್ಥೆ ಅಲ್ಲಿತ್ತು. 1980ರ ದಶಕದಲ್ಲಿ ಜಯನಗರದಿಂದ ಆರಂಭವಾಗಿ ನಗರವೆಲ್ಲ ಹಬ್ಬಿದ ನಿಂತು ತಿನ್ನುವ ಹೋಟೆಲುಗಳಿಗೆ ದರ್ಶಿನಿ ಎಂಬ ಹೆಸರೇ ಬಿತ್ತು. ಕಟ್ಟೆಯ ಆಚೆ ದೋಸೆ ಹುಯ್ಯುವವನು, ಈಚೆ ತಿನ್ನುವವನು, ನಡುವೆ ಗೋಡೆಯಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಗಲ್ಲಿಗಳಲ್ಲಂತೂ ಅಡುಗೆಮನೆ ರಸ್ತೆಯಲ್ಲೇ ಇದೆ. ಮಾಂಸ ಎಲ್ಲಿಂದ ಬಂತೆಂದು ಕೇಳಿದರೆ ಎದುರಿನ ಅಂಗಡಿಯನ್ನು ತೋರಿಸುತ್ತಾರೆ. ಬಾಣಲೆಯ ಎಣ್ಣೆ ಕಪ್ಪಾಗಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ಅಲ್ಲಿ ಕೊಳೆಯಿದ್ದರೂ ಅದು ಎದುರಿಗೇ ಇರುತ್ತದೆ. ಸರಣಿ ಮಳಿಗೆಯ ಕೊಳೆ ನೂರಾರು, ಸಾವಿರಾರು ಮೈಲಿ ದೂರದಲ್ಲಿರುತ್ತದೆ. ಅಡುಗೆಮನೆಯ ಭೇಟಿಯಲ್ಲಿ ಗ್ರಹಿಸಬೇಕಾದ ಮುಖ್ಯ ವ್ಯತ್ಯಾಸ ಇದೇ.

ಆ ದೂರವನ್ನು ಅಳೆಯಲು ಎಣ್ಣೆಯ ಜಾಡು ಹಿಡಿಯುವುದು ಅನುಕೂಲ. ಹೋಟೆಲು ಉದ್ಯಮದಲ್ಲಿ ಕರಿಯಲು ಹೇರಳವಾಗಿ ಬಳಕೆಯಾಗುವುದು, ಪಡಿತರ ಅಂಗಡಿಯ ಕಾಲದಿಂದ ಹಳ್ಳಿಗರಿಗೆ ಪರಿಚಿತವಾದ ಪಾಮೋಲಿನ್. ಭಾರತ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ತಾಳೆಎಣ್ಣೆ ಆಮದು ಮಾಡಿಕೊಳ್ಳುವ ದೇಶ; ಅದರ ಬಹುಭಾಗ ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ ಬರುತ್ತದೆ. ಸುಮಾತ್ರಾ, ಬೋರ್ನಿಯೊ ದ್ವೀಪಗಳ ಮಳೆಕಾಡುಗಳನ್ನು ಕಡಿದು, ಸುಟ್ಟು ಎಬ್ಬಿಸಿದ ತೋಟಗಳ ಫಲ ಇದು. ಆಮದನ್ನು ತಗ್ಗಿಸಲೆಂದು ಕೇಂದ್ರ ಸರ್ಕಾರ 2021ರಲ್ಲಿ ತಾಳೆಎಣ್ಣೆಯ ರಾಷ್ಟ್ರೀಯ ಅಭಿಯಾನವನ್ನು ಘೋಷಿಸಿ, ಈಶಾನ್ಯ ರಾಜ್ಯಗಳನ್ನೂ ಅಂಡಮಾನ್ ದ್ವೀಪಗಳನ್ನೂ ವಿಶೇಷವಾಗಿ ಆರಿಸಿಕೊಂಡಿತು. ಎಣ್ಣೆ ಬೇಕಾದದ್ದು ನಗರದ ಬಾಣಲೆಗೆ. ಅದಕ್ಕೆ ನೆಲ ಹುಡುಕಿದ್ದು ಗುಡ್ಡಗಾಡಿನಲ್ಲಿ. ಅಡಿಕೆ, ಅಕೇಶಿಯ, ನೀಲಗಿರಿಗಳ ಏಕಬೆಳೆಯಿಂದ ಬೆಟ್ಟದ ನೀರಿನ ಒರತೆಗಳು ಏನಾದವೆಂದು ಬಲ್ಲ ಮಲೆನಾಡಿಗರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಈಶಾನ್ಯದ ಬೆಟ್ಟಗಳು ಬೆಂಗಳೂರಿನ ಅಡುಗೆಮನೆಯಲ್ಲಿ ಇನ್ನೊಂದು ರೂಪದಲ್ಲಿಯೂ ಇವೆ. ಒಂದು ಕಾಲದಲ್ಲಿ ಕುಂದಾಪುರ, ತೀರ್ಥಹಳ್ಳಿ, ಶೃಂಗೇರಿ ಸೀಮೆಗಳ ಹುಡುಗರು ಬಸ್ಸು ಹತ್ತಿ ಬೆಂಗಳೂರಿಗೆ ಬಂದು ಹೋಟೆಲಿನ ಮಾಣಿಗಳಾಗುತ್ತಿದ್ದರು. ಇಂದು ಅವರ ಜಾಗದಲ್ಲಿ ಮಣಿಪುರ, ಅಸ್ಸಾಂ, ನಾಗಾಲ್ಯಾಂಡ್, ಒಡಿಶಾಗಳ ಹುಡುಗ ಹುಡುಗಿಯರಿದ್ದಾರೆ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದಾಗ, ನಗರದ ಎಷ್ಟೋ ಹೋಟೆಲುಗಳು ಕೆಲಸಗಾರರಿಲ್ಲದೆ ಪರದಾಡಿದವು. ತಟ್ಟೆಯ ಹಿಂದೆ ಯಾರ ಕೈಗಳಿದ್ದವೆಂದು ನಗರಕ್ಕೆ ತಿಳಿದದ್ದು ಆ ಕೈಗಳು ಇಲ್ಲವಾದ ಮೇಲೆ. ಊರಿನ ಗುಡ್ಡ ತಾಳೆ ತೋಟವಾಗುತ್ತಿರುವಾಗ, ಅಲ್ಲಿನ ಯುವಕ ಇಂದಿರಾನಗರದಲ್ಲಿ ತಾಳೆಎಣ್ಣೆಯ ಮುಂದೆ ನಿಂತು ಗಂಟೆಯ ಕೂಗಿಗೆ ಕಾಯುವುದು ಈ ವ್ಯವಸ್ಥೆಯ ನಿಜವಾದ ಚಿತ್ರ.

ಕೋಳಿಯ ಕಥೆಯೂ ಅಷ್ಟೇ ಗಂಭೀರವಾದದ್ದು. ಕಡಿಮೆ ದಿನಗಳಲ್ಲಿ ಹೆಚ್ಚು ತೂಕ ಬರಲೆಂದು ಇಕ್ಕಟ್ಟಿನ ಫಾರಂಗಳಲ್ಲಿ ಬೆಳೆಸುವ ಹಕ್ಕಿಗಳಿಗೆ ಪ್ರತಿಜೀವಕ ಔಷಧಗಳನ್ನು ಕೊಡುವ ಪರಿಪಾಠವಿದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ರಾಜಧಾನಿಯ ಸುತ್ತಮುತ್ತ ಮಾರಾಟವಾಗುತ್ತಿದ್ದ ಕೋಳಿಮಾಂಸದ 70 ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಅವುಗಳ ಶೇಷ ಸಿಕ್ಕಿತು. ಬೇರಾವ ಮದ್ದೂ ನಾಟದ ರೋಗಿಗಳಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಪಶುಪಕ್ಷಿಗಳ ಸಾಕಣೆಯಲ್ಲಿ ಬಳಸದಂತೆ ಕೇಂದ್ರವು 2019ರ ಜುಲೈನಲ್ಲಿ ನಿಷೇಧ ಹೇರಬೇಕಾಯಿತು. ಅಡುಗೆಮನೆಯ ಉಷ್ಣಮಾಪಕ ಮಾಂಸದ ಬಿಸಿಯನ್ನು ಹೇಳಬಲ್ಲದು. ಹಕ್ಕಿ ಬದುಕಿದ ರೀತಿಯನ್ನು ಹೇಳಲಾರದು.

ಇನ್ನು ನೀರು. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದವಳು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಹಂತಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಅವಳನ್ನು ಎತ್ತಿ ತರಲಾಗುತ್ತದೆ. 2024ರ ಬೇಸಿಗೆಯಲ್ಲಿ ನಗರದ ಪೂರ್ವದ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಹಾಹಾಕಾರವೆದ್ದಿತು. ನಗರದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಆ ವರ್ಷದ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಬೆಟ್ಟದಲ್ಲಿ ಮಳೆ ಕೈಕೊಟ್ಟರೆ ಈ ಉಕ್ಕಿನ ಅಡುಗೆಮನೆಯನ್ನು ತೊಳೆಯಲು ನೀರಿಲ್ಲ. ಶೋಲಾ ಕಾಡನ್ನು ಉಳಿಸಿಕೊಂಡ ಊರು ನಗರದ ಸಿಂಕಿಗೆ ನೀರು ಒದಗಿಸುತ್ತಿದೆಯೆಂಬ ಲೆಕ್ಕವನ್ನು ಯಾವ ಬಿಲ್ಲಿನಲ್ಲಿಯೂ ಬರೆಯುವುದಿಲ್ಲ.

ಬಂದದ್ದರ ಕಥೆ ಇದಾದರೆ, ಹೋಗುವುದರ ಕಥೆ ಹಿಂಬಾಗಿಲಿನಿಂದ ಆರಂಭವಾಗುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು ಹೃದ್ರೋಗಾದಿಗಳಿಗೆ ಎಡೆಮಾಡುವ ಸಂಯುಕ್ತಗಳಾಗುತ್ತದೆ. ಇಂತಹ ಸಂಯುಕ್ತಗಳು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಖರ್ಚು ಮಾಡುವ ಹೋಟೆಲುಗಳು ಅದರ ಲೆಕ್ಕ ಇಡಬೇಕು. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ಯೋಜನೆಯೂ ಅದೇ ವರ್ಷ ಬಂತು. ಆದರೂ ದೊಡ್ಡ ಅಡುಗೆಮನೆಯಿಂದ ಹೊರಬಿದ್ದ ಎಣ್ಣೆ ಕಡಿಮೆ ಬೆಲೆಗೆ ಕೈಬದಲಾಗಿ ರಸ್ತೆಬದಿಯ ಬಾಣಲೆಗೆ ಸೇರುವ ಅಪಾಯ ತಪ್ಪಿಲ್ಲ. ಶ್ರೀಮಂತನ ತಟ್ಟೆಗೆ ಒಲ್ಲದ ಎಣ್ಣೆ ಕೂಲಿಯವನ ಬೋಂಡಾಕ್ಕೆ ಒದಗುವುದನ್ನು ಶುಚಿತ್ವವೆನ್ನಲಾಗದು.

ಪಾತ್ರೆ ತೊಳೆದ ಜಿಡ್ಡು, ಮಾರ್ಜಕದ ನೊರೆ ಚರಂಡಿಗಿಳಿದು ರಾಜಕಾಲುವೆಯ ಹಾದಿ ಹಿಡಿಯುತ್ತದೆ. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನಗರದ ಪೂರ್ವದ ಕೊಳಚೆಯ ದೊಡ್ಡ ಪಾಲನ್ನು ಹೊತ್ತ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ, 2017ರ ಫೆಬ್ರುವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಹೊತ್ತಿ ಉರಿಯಿತು. ಮನೆಗಳ ಕೊಳಚೆಯ ಜೊತೆಗೆ ಹೋಟೆಲುಗಳ ಜಿಡ್ಡಿನ ಪಾಲೂ ಅದರಲ್ಲಿದೆ. ಉಳಿದ ಅನ್ನಾಹಾರ, ಕಾಗದ, ಪ್ಲಾಸ್ಟಿಕ್ ಲಾರಿ ಹತ್ತುತ್ತವೆ. ಕೆ.ಆರ್. ಪುರದ ಆಚೆಯ ಮಂಡೂರಿನ ಜನ ವರ್ಷಗಟ್ಟಲೆ ಬೆಂಗಳೂರಿನ ಕಸದ ಗುಡ್ಡದ ನೆರಳಿನಲ್ಲಿ ಬದುಕಿದರು. ಬಾವಿಯ ನೀರು ಕೆಟ್ಟಿತು, ನೊಣಗಳು ಮನೆತುಂಬಿದವು. 2014ರಲ್ಲಿ ಅವರು ರಸ್ತೆಗಿಳಿದು ಲಾರಿಗಳನ್ನು ತಡೆದ ಮೇಲೆ, ಆ ವರ್ಷದ ನವೆಂಬರ್ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಲಾರಿಗಳು ನಿಲ್ಲಲಿಲ್ಲ, ಮಿಟ್ಟಗಾನಹಳ್ಳಿಯಂತಹ ಬೇರೆ ಊರುಗಳ ಕಲ್ಲುಗಣಿ ಗುಂಡಿಗಳ ಕಡೆಗೆ ತಿರುಗಿದವು. ಅಡುಗೆಮನೆ ನೋಡಲು ಬಂದವರನ್ನು ಈ ಲಾರಿಯ ಹಿಂದೆ ಯಾರೂ ಕರೆದೊಯ್ಯುವುದಿಲ್ಲ.

ಇತ್ತೀಚೆಗೆ ಈ ಅಡುಗೆಮನೆಗೆ ಮುಂಬಾಗಿಲೂ ಇಲ್ಲದಂತಾಗುತ್ತಿದೆ. ಇಂದಿರಾನಗರ, ಕೆ.ಆರ್. ಪುರಗಳ ಒಳರಸ್ತೆಗಳಲ್ಲಿ ಕ್ಲೌಡ್ ಕಿಚನ್ ಎಂದು ಕರೆಯುವ, ಕೂತು ತಿನ್ನುವವರೇ ಇಲ್ಲದ ಅಡುಗೆಮನೆಗಳು ತಲೆಯೆತ್ತಿವೆ. ಒಂದೇ ಒಲೆಯ ಅಡುಗೆ ಮೊಬೈಲ್ ಫೋನಿನಲ್ಲಿ ನಾಲ್ಕಾರು ಹೆಸರಿನ ಹೋಟೆಲುಗಳಾಗಿ ಕಾಣಿಸಿಕೊಳ್ಳುತ್ತದೆ. ತಿನ್ನುವವನು ಹೋಟೆಲಿನ ಗೋಡೆಯನ್ನು ಸಹ ಕಾಣದ ಕಾಲ ಬಂದಿರುವಾಗ, ಅಡುಗೆಮನೆಯನ್ನು ನೋಡುವ ಹಕ್ಕು ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. ಗುಜರಾತಿನ ಆಹಾರ ಮತ್ತು ಔಷಧ ನಿಯಂತ್ರಣ ಆಡಳಿತವು, ಅಡುಗೆಮನೆಗಳ ಮುಂದಿನ ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂಬ ಫಲಕಗಳನ್ನು ತೆಗೆದು, ಒಳಗಿನದು ಕಾಣುವಂತೆ ಗಾಜು ಹಾಕಬೇಕೆಂದು ಹೋಟೆಲುಗಳಿಗೆ ಆದೇಶಿಸಿತು. ಕರ್ನಾಟಕವೂ ಇಂತಹದೊಂದು ಹೆಜ್ಜೆಯನ್ನು ಇಡಬೇಕು. ಒಲೆಯನ್ನಷ್ಟೇ ಅಲ್ಲ, ಎಣ್ಣೆ ಮತ್ತು ಕಸದ ಲೆಕ್ಕವನ್ನೂ ಗಿರಾಕಿಗೆ ಕಾಣುವಂತೆ ಗೋಡೆಗೆ ಹಾಕಿಸಬೇಕು.

ಪ್ರವಾಸದ ನೆಪದಲ್ಲಿ ಬೆಂಗಳೂರಿಗೆ ಹೋಗುವ ಮಲೆನಾಡಿನ ವಿದ್ಯಾರ್ಥಿಗಳು ಇಂತಹ ಅಡುಗೆಮನೆಗಳನ್ನು ಖಂಡಿತ ನೋಡಲಿ. ನೋಡುವಾಗ ಕೆಲವು ಪ್ರಶ್ನೆಗಳನ್ನು ಜೊತೆಗೆ ಒಯ್ಯಲಿ. ಎಣ್ಣೆ ಯಾವುದು, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಬಳಸಿದ್ದು ಯಾರ ಕೈಸೇರುತ್ತದೆ? ನೀರು ಎಲ್ಲಿಯದು, ತೊಳೆದ ಜಿಡ್ಡನ್ನು ತಡೆಯುವ ತೊಟ್ಟಿ ಇದೆಯೇ? ದಿನದ ಕೊನೆಗೆ ಬಿಸಾಡಿದ್ದು ಎಷ್ಟು ಕೆ.ಜಿ., ಅದು ಯಾವ ಊರಿಗೆ ಹೋಗುತ್ತದೆ? ಕೆಲಸದವರು ಎಷ್ಟು ಹೊತ್ತು ನಿಂತಿರುತ್ತಾರೆ, ಅವರಿಗೆ ವಾರದ ರಜೆ ಇದೆಯೇ? ಉತ್ತರ ಬಂದರೆ ಬರೆದಿಟ್ಟುಕೊಳ್ಳಲಿ. ಬಾರದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಲಿ.

ಇವೇ ಪ್ರಶ್ನೆಗಳು ಮರಳಿ ಬಂದ ಮೇಲೆ ಊರಿನಲ್ಲೂ ಎದ್ದು ನಿಲ್ಲಬೇಕು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಹೋಂಸ್ಟೇ, ರೆಸಾರ್ಟುಗಳ ಅಡುಗೆಮನೆಗಳಿಗೆ ನಗರದ ಅದೇ ಪೊಟ್ಟಣಗಳು ಘಟ್ಟ ಹತ್ತಿ ಬರುತ್ತಿವೆ. ಅವುಗಳ ಕಸ ಹಳ್ಳದ ದಂಡೆಗೆ, ಎಣ್ಣೆ ಚರಂಡಿಗೆ ಸೇರುತ್ತಿದೆ. ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯ ತಿನ್ನಬಯಸಿ ಬಂದವರಿಗೆ ಶೀತಪೆಟ್ಟಿಗೆಯ ಆಲೂಗಡ್ಡೆ ಕರಿದು ಕೊಡಲಾಗುತ್ತಿದೆ. ಹೋಟೆಲಿಗೆ ಪರವಾನಗಿ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇದೆ. ಬಳಸಿದ ಎಣ್ಣೆ ಮತ್ತು ಹಸಿಕಸದ ವಿಲೇವಾರಿಯನ್ನು ತೋರಿಸದವರಿಗೆ ಪರವಾನಗಿ ನವೀಕರಿಸಬಾರದೆಂದು ಗ್ರಾಮಸಭೆಯಲ್ಲಿ ಠರಾವು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಜಾತ್ರೆಯ ಸಮಿತಿಗಳು ಗೋಬಿ ಅಂಗಡಿಗೆ ಜಾಗ ಕೊಡುವ ಮುನ್ನ ಬಣ್ಣದ ಡಬ್ಬಿಯನ್ನು ಹೊರಗಿಡಿಸಬಹುದು. ಬ್ರಿಗೇಡ್ ರಸ್ತೆಯಲ್ಲಿ ರೈತರು ಕೇಳಿದ ಪ್ರಶ್ನೆಗೆ 30 ವರ್ಷಗಳಾದವು. ಅದನ್ನು ಮತ್ತೆ ಕೇಳಲು ಈಗ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ತಿಳಿದುಕೊಂಡರೆ ಸಾಕು.